ಅಜ್ಜ, ಅಪ್ಪ, ಮಗ: ಒಂದು ಅಂಕದ ಉತ್ತರದ ಹಿಂದಿನ ಚರಿತ್ರೆ

ಕಳೆದ ತಿಂಗಳು ತಂಗಿಯ ಮಗ ಉಡುಪಿಯಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದು ಎರಡು ವಾರ ಇದ್ದ. ಬ್ಯಾಂಕ್ ಗುಮಾಸ್ತರ ಪರೀಕ್ಷೆಗೆ ಓದುತ್ತಿದ್ದಾನೆ. ಒಂದು ರಾತ್ರಿ ಊಟವಾದ ಮೇಲೆ ಗೈಡು ತಂದು ನನ್ನ ಮುಂದೆ ಹಿಡಿದ. ‘ಬ್ಯಾಕಪ್ ಮತ್ತು ನಿರ್ವಹಣೆ’ ಅಂತ ಅಧ್ಯಾಯದ ಹೆಸರು. ಫುಲ್, ಇನ್‌ಕ್ರಿಮೆಂಟಲ್, ಡಿಫರೆನ್ಶಿಯಲ್, ಗ್ರ್ಯಾಂಡ್‌ಫಾದರ್-ಫಾದರ್-ಸನ್, 3-2-1 ನಿಯಮ. ಒಂದೊಂದಕ್ಕೂ ಎರಡು ಸಾಲಿನ ವ್ಯಾಖ್ಯೆ.

“ಮಾಮ, ಬಾಯಿಪಾಠ ಮಾಡ್ತೇನೆ, ಬೆಳಿಗ್ಗೆ ಏಳುವಾಗ ಮರೆತಿರ್ತದೆ. ಇದರಲ್ಲಿ ಅಜ್ಜ ಯಾಕೆ ಬಂದ?” ಅಂದ.

ಮೂವತ್ತು ವರ್ಷದ ಹಿಂದೆ ಬಡ್ತಿ ಪರೀಕ್ಷೆಗೆ ನಾನೂ ಇದನ್ನೇ ಉರುಹೊಡೆದಿದ್ದೆ, ಅಂಕವನ್ನೂ ಪಡೆದಿದ್ದೆ. ಅಜ್ಜ ಯಾಕೆ ಬಂದ ಅಂತ ಮಾತ್ರ ಯಾರನ್ನೂ ಕೇಳಿರಲಿಲ್ಲ. ಕೇಳಿದ್ದರೆ ಮುಂದೆ ನಮ್ಮ ಶಾಖೆಯಲ್ಲಿ ಆದದ್ದು ಆಗುತ್ತಿರಲಿಲ್ಲವೇನೋ. ಅವನಿಗೆ ಅಂದು ರಾತ್ರಿ ಹೇಳಿದ್ದನ್ನೇ ಸ್ವಲ್ಪ ಸರಿಪಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅಜ್ಜ ಬಂದದ್ದು ಟೇಪಿನಿಂದ. 1951ರ ಮಾರ್ಚ್ 31ರಂದು ಅಮೆರಿಕದ ಜನಗಣತಿ ಇಲಾಖೆ ಯುನಿವ್ಯಾಕ್ ಎಂಬ ಕಂಪ್ಯೂಟರನ್ನು ಒಪ್ಪಿಕೊಂಡಿತು. ಅದರ ಮಾಹಿತಿ ಉಳಿಯುತ್ತಿದ್ದದ್ದು ಅರ್ಧ ಇಂಚು ಅಗಲದ ಲೋಹದ ಟೇಪಿನ ಮೇಲೆ. ಮರುವರ್ಷ ಐಬಿಎಂ ಪ್ಲಾಸ್ಟಿಕ್ ಟೇಪಿನ ಯಂತ್ರ ತಂದಿತು. ಟೇಪಿನ ಸ್ವಭಾವ ನಮ್ಮ ಹಳೇ ಕ್ಯಾಸೆಟ್ಟಿನದೇ. ನಡುವಿನ ಒಂದು ಸಾಲನ್ನು ಅಲ್ಲಲ್ಲೇ ತಿದ್ದುವುದು ಅದಕ್ಕೆ ಒಗ್ಗದ ಕೆಲಸ. ಹಾಗಾಗಿ ಒಂದು ಸಾವಿರ ಗ್ರಾಹಕರ ಲೆಕ್ಕದಲ್ಲಿ ಹತ್ತು ಜನರದ್ದು ಬದಲಾದರೂ ಯಂತ್ರ ನಿನ್ನೆಯ ಟೇಪನ್ನು ಒಂದು ಕಡೆಯಿಂದ, ಇಂದಿನ ವಹಿವಾಟನ್ನು ಇನ್ನೊಂದು ಕಡೆಯಿಂದ ಓದಿ, ಎರಡನ್ನೂ ಸೇರಿಸಿ ಮೂರನೆಯ ಟೇಪಿನಲ್ಲಿ ಪೂರ್ತಿ ಲೆಕ್ಕವನ್ನು ಹೊಸದಾಗಿ ಬರೆಯಬೇಕಿತ್ತು.

ಹೊಸ ಟೇಪು ಮಗ. ಅದನ್ನು ಹೆತ್ತ ನಿನ್ನೆಯ ಟೇಪು ಅಪ್ಪ. ಮೊನ್ನೆಯದು ಅಜ್ಜ. ಮಗನಿಗೆ ಏಟಾದರೆ ಅಪ್ಪನನ್ನೂ ಇಂದಿನ ವಹಿವಾಟನ್ನೂ ಮತ್ತೆ ಓಡಿಸಿದರೆ ಸಾಕು, ಇನ್ನೊಬ್ಬ ಮಗ ಹುಟ್ಟುತ್ತಾನೆ. ಅಪ್ಪನೂ ಕೆಟ್ಟಿದ್ದರೆ ಅಜ್ಜನಿದ್ದಾನೆ. ಇದಕ್ಕಾಗಿ ಯಾರೂ ಬೇರೆ ಕೆಲಸ ಮಾಡಬೇಕಿರಲಿಲ್ಲ. ಲೆಕ್ಕ ಬರೆಯುವ ಕ್ರಮದಲ್ಲೇ ಹಳೆಯದು ತಾನಾಗಿ ಉಳಿಯುತ್ತಿತ್ತು. ತಪ್ಪಿ ಹಳೆಯ ಟೇಪಿನ ಮೇಲೆ ಬರೆಯದಿರಲಿ ಎಂದು ಸುರುಳಿಯ ಹಿಂಬದಿಗೆ ಪ್ಲಾಸ್ಟಿಕ್ ಬಳೆಯೊಂದಿರುತ್ತಿತ್ತು. ಬಳೆ ತೆಗೆದರೆ ಯಂತ್ರ ಅದನ್ನು ಓದುತ್ತಿತ್ತೇ ಹೊರತು ಬರೆಯುತ್ತಿರಲಿಲ್ಲ.

1956ರಲ್ಲಿ ಐಬಿಎಂನ ರಾಮ್ಯಾಕ್ ಬಂತು. ಎರಡಡಿ ಅಗಲದ ಐವತ್ತು ತಟ್ಟೆಗಳು, ಒಟ್ಟು 50 ಲಕ್ಷ ಅಕ್ಷರ ಹಿಡಿಯುವ ಜಾಗ. ಇವತ್ತು ಫೋನಿನಲ್ಲಿ ತೆಗೆಯುವ ಒಂದೆರಡು ಫೋಟೋಗೆ ಅದು ಭರ್ತಿಯಾದೀತು. ಆದರೆ ಯಾವ ಗ್ರಾಹಕನ ಲೆಕ್ಕಕ್ಕಾದರೂ ನೇರವಾಗಿ ಹೋಗಿ ಅಲ್ಲಲ್ಲೇ ತಿದ್ದಬಹುದಿತ್ತು. ಅದು ದೊಡ್ಡ ಅನುಕೂಲ. ಜೊತೆಗೇ ಒಂದು ನಷ್ಟವೂ ಆಯಿತು: ಹೊಸ ಬಾಕಿ ಬರೆದ ಕ್ಷಣಕ್ಕೆ ಹಳೆಯ ಬಾಕಿ ಅಳಿಯಿತು. ಅಂದರೆ ಅಪ್ಪನೇ ಇಲ್ಲ. ಅಲ್ಲಿಂದ ಮುಂದೆ ಬ್ಯಾಕಪ್ ಎನ್ನುವುದು ಯಾರಾದರೂ ನೆನಪಿಟ್ಟುಕೊಂಡು ಮಾಡಬೇಕಾದ ಪ್ರತ್ಯೇಕ ಕೆಲಸವಾಯಿತು. ದಿನದ ಕೊನೆಗೆ, ಎಲ್ಲರಿಗೂ ಮನೆಗೆ ಹೊರಡುವ ಆತುರವಿರುವ ಹೊತ್ತಿನಲ್ಲಿ.

ಅಳಿಯ ಉರುಹೊಡೆಯುತ್ತಿದ್ದ ಮೂರು ಪದಗಳು ಆ ಆತುರಕ್ಕೆ ಸಿಕ್ಕ ಉತ್ತರಗಳು. ಎಲ್ಲವನ್ನೂ ದಿನಾ ನಕಲು ಮಾಡಲು ರಾತ್ರಿ ಸಾಲದು. ಹಾಗಾಗಿ ಭಾನುವಾರ ಪೂರ್ತಿ ನಕಲು. ಉಳಿದ ದಿನ ಹಿಂದಿನ ರಾತ್ರಿಯಿಂದ ಈಚೆಗೆ ಬದಲಾದದ್ದಷ್ಟೇ ತೆಗೆದರೆ ಇನ್‌ಕ್ರಿಮೆಂಟಲ್, ಭಾನುವಾರದಿಂದ ಈಚೆಗೆ ಬದಲಾದದ್ದೆಲ್ಲ ತೆಗೆದರೆ ಡಿಫರೆನ್ಶಿಯಲ್. ಗುರುವಾರ ಬೆಳಿಗ್ಗೆ ಯಂತ್ರ ಕೆಟ್ಟಿತು ಅನ್ನಿ. ಮೊದಲನೆಯ ಕ್ರಮದಲ್ಲಿ ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ ನಾಲ್ಕೂ ಬೇಕು, ಒಂದು ಕೈಕೊಟ್ಟರೂ ಸರಪಳಿ ಅಲ್ಲಿಗೇ ತುಂಡು. ಎರಡನೆಯದರಲ್ಲಿ ಭಾನುವಾರದ್ದು ಮತ್ತು ಬುಧವಾರದ್ದು ಇದ್ದರೆ ಸಾಕು. ಆದರೆ ದಿನದಿಂದ ದಿನಕ್ಕೆ ರಾತ್ರಿಯ ಕೆಲಸ ಹೆಚ್ಚುತ್ತದೆ. ಅಜ್ಜ-ಅಪ್ಪ-ಮಗನ ಹೆಸರು ಉಳಿಯಿತು, ಅರ್ಥ ಬದಲಾಯಿತು: ದಿನದ ನಕಲು ಮಗ, ವಾರದ್ದು ಅಪ್ಪ, ತಿಂಗಳದ್ದು ಅಜ್ಜ.

ನಕಲು ಬೇರೆ ಕಟ್ಟಡದಲ್ಲಿರಬೇಕು ಎಂಬ ಪಾಠ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ 1890ರ ಜನಗಣತಿಯನ್ನು ಹರ್ಮನ್ ಹಾಲರಿತ್ ರೂಪಿಸಿದ ಪಂಚ್ ಕಾರ್ಡ್ ಯಂತ್ರಗಳಿಂದ ಎಣಿಸಿದರು. ಯಂತ್ರಗಣನೆಯ ಚರಿತ್ರೆ ಹೇಳುವವರೆಲ್ಲ ಅಲ್ಲಿಂದ ಶುರುಮಾಡುತ್ತಾರೆ. ಸುಮಾರು 6.3 ಕೋಟಿ ಜನರ ಹೆಸರು, ವಯಸ್ಸು, ಕಸುಬು ಬರೆದ ಮೂಲ ಹಾಳೆಗಳು ಏನಾದವು ಎಂದು ಹೇಳುವವರು ಕಡಿಮೆ. ಅವು ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡದ ನೆಲಮಾಳಿಗೆಯಲ್ಲಿ, ಭದ್ರಕೋಣೆಯ ಹೊರಗೆ, ಮರದ ಕಪಾಟುಗಳಲ್ಲಿದ್ದವು. 1921ರ ಜನವರಿ 10ರಂದು ಅಲ್ಲಿ ಬೆಂಕಿ ಬಿತ್ತು. ಒಂದಷ್ಟು ಸುಟ್ಟುಹೋಯಿತು, ಅದಕ್ಕಿಂತ ಹೆಚ್ಚು ಪಾಲು ಬೆಂಕಿ ಆರಿಸಿದ ನೀರಿನಲ್ಲಿ ನೆನೆಯಿತು. ಉಳಿದದ್ದನ್ನೂ 1930ರ ದಶಕದಲ್ಲಿ ಸರ್ಕಾರವೇ ನಾಶಮಾಡಿತು. ಇಂದು ಸಿಗುವುದು ಸುಮಾರು ಆರು ಸಾವಿರ ಹೆಸರು. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ಸೈನಿಕ ದಾಖಲೆಗಳ ಕೇಂದ್ರಕ್ಕೆ ಬೆಂಕಿ ಬಿದ್ದಾಗ 1.6ರಿಂದ 1.8 ಕೋಟಿ ಕಡತಗಳು ಹೋದವು. ಅವುಗಳಿಗೆ ಎರಡನೆಯ ಪ್ರತಿಯಾಗಲಿ ಮೈಕ್ರೋಫಿಲ್ಮ್ ಆಗಲಿ ಇರಲಿಲ್ಲ. ಮುದಿ ಸೈನಿಕರು ತಾವು ಸೇವೆ ಸಲ್ಲಿಸಿದ್ದನ್ನು ತಾವೇ ಸಾಬೀತು ಮಾಡಬೇಕಾಯಿತು.

ನಮ್ಮ ದೇಶದ ಬ್ಯಾಂಕುಗಳಿಗೆ ಯಂತ್ರ ಬಂದದ್ದು ನಿಧಾನವಾಗಿ. ಕೆಲಸ ಹೋದೀತೆಂಬ ಭಯ ನೌಕರರ ಸಂಘಗಳಿಗಿತ್ತು. ಆಗ ರಿಸರ್ವ್ ಬ್ಯಾಂಕಿನ ಡೆಪ್ಯೂಟಿ ಗವರ್ನರ್ ಆಗಿದ್ದ ಸಿ. ರಂಗರಾಜನ್ ಅವರ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಎಎಲ್‌ಪಿಎಂ ಅನ್ನುತ್ತಿದ್ದೆವು. ಮುಂಬಯಿಯ ಶಾಖೆಗಳಲ್ಲಿ ಕೆಲಸ ಮಾಡಿದ ನನ್ನ ವಯಸ್ಸಿನವರಿಗೆ ನೆನಪಿರಬಹುದು: ಏಸಿ ಇರುವ ಸಣ್ಣ ಕೋಣೆ, ಚಪ್ಪಲಿ ಹೊರಗೆ ಬಿಡಬೇಕು, ದೇವರ ಕೋಣೆಯಷ್ಟೇ ಮಡಿ.

ಸಂಜೆ ಬ್ಯಾಕಪ್ ತೆಗೆಯುವ ಕೆಲಸ ನನ್ನದು. ವಾರದ ಆರು ದಿನಕ್ಕೆ ಆರು ಫ್ಲಾಪಿ, ಮೇಲೆ ವಾರದ ಹೆಸರು. ತೆಗೆದು, ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕಿ, ಬೀರುವಿನಲ್ಲಿ ಇಡುವುದು. ಯಂತ್ರದ ನಿರ್ವಹಣೆಗೆ ವಾರ್ಷಿಕ ಗುತ್ತಿಗೆಯಿತ್ತು. ತಿಂಗಳಿಗೊಮ್ಮೆ ಹುಡುಗನೊಬ್ಬ ಬಂದು ಪರದೆ ಒರೆಸಿ, ಚಹಾ ಕುಡಿದು, ‘ಫ್ಲಾಪಿ ಡ್ರೈವ್ ಪರೀಕ್ಷಿಸಲಾಯಿತು’ ಎಂಬ ಸಾಲಿನ ಮುಂದೆ ಗುರುತು ಹಾಕುತ್ತಿದ್ದ. ಕೆಳಗೆ ಸಹಿ ಹಾಕುತ್ತಿದ್ದವನು ನಾನೇ. ಅವನು ಡ್ರೈವ್ ಬಿಚ್ಚಿದ್ದನ್ನು ನಾನು ನೋಡಿದ್ದಿಲ್ಲ.

ಒಂದು ಸೋಮವಾರ, ತಿಂಗಳ ಮೊದಲ ದಿನ, ಹಾರ್ಡ್ ಡಿಸ್ಕ್ ನಿಂತುಹೋಯಿತು. ಹೊರಗೆ ಪಿಂಚಣಿದಾರರ ಸಾಲು. ಮಧ್ಯಾಹ್ನದ ಹೊತ್ತಿಗೆ ಬೇರೆ ಯಂತ್ರ ಬಂತು. ಶನಿವಾರದ ಫ್ಲಾಪಿ ಹಾಕಿದೆವು, ಓದಲಿಲ್ಲ. ಶುಕ್ರವಾರದ್ದೂ ಓದಲಿಲ್ಲ. ಆರರಲ್ಲಿ ಒಂದೂ ಓದಲಿಲ್ಲ. ನನಗೆ ಕಾಲು ಸೋತು ಕೂತುಬಿಟ್ಟೆ. ಪರೀಕ್ಷೆಯಲ್ಲಿ ಬರೆದ ಉತ್ತರ ಆಗಲೂ ಬಾಯಿಗೆ ಬರುತ್ತಿತ್ತು.

ಬುಧವಾರ ಬಂದ ಹಿರಿಯ ಎಂಜಿನಿಯರ್ ಕಾರಣ ಹಿಡಿದರು. ಹಳೆಯ ಡ್ರೈವಿನ ಓದು-ಬರೆಯುವ ಮುಳ್ಳು ತಿಂಗಳುಗಳಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಅದು ಓರೆಯಾಗಿ ಬರೆಯುತ್ತಿತ್ತು, ಅದೇ ಓರೆಯಲ್ಲಿ ತಾನೇ ಓದುತ್ತಿತ್ತು. ಬೇರೆ ಡ್ರೈವಿಗೆ ಆ ಬರಹ ಸಿಗುತ್ತಿರಲಿಲ್ಲ. ಅವರು ಹಳೆಯ ಡ್ರೈವನ್ನೇ ಬಿಚ್ಚಿ ಹೊಸ ಯಂತ್ರಕ್ಕೆ ಜೋಡಿಸಿದರು. ಗುರುವಾರದವರೆಗಿನ ಲೆಕ್ಕ ಬಂತು. ಶುಕ್ರ, ಶನಿವಾರದ ಫ್ಲಾಪಿಗಳು ಸವೆದುಹೋಗಿದ್ದವು, ಅವು ಕೊನೆಗೂ ಓದಲಿಲ್ಲ. ಆ ಎರಡು ದಿನದ ವೋಚರುಗಳನ್ನು ರಾತ್ರಿ ಕೂತು ಮತ್ತೆ ಹೊಡೆದೆವು. 800 ರೂಪಾಯಿ ಹೊಂದಲಿಲ್ಲ. ಗುರುವಾರ ಬಂದ ನಿವೃತ್ತ ಗಿರಣಿ ಕಾರ್ಮಿಕರೊಬ್ಬರು ಪ್ಲಾಸ್ಟಿಕ್ ಚೀಲದಿಂದ ಪಾಸ್‌ಬುಕ್ ತೆಗೆದರು. ಶನಿವಾರ ಕಟ್ಟಿದ 800 ಅದರಲ್ಲಿತ್ತು, ಕೌಂಟರಿನಲ್ಲಿದ್ದವರ ಕೈಬರಹದಲ್ಲಿ. ನಮ್ಮ ವೋಚರ್ ಎಲ್ಲೋ ಬಿದ್ದುಹೋಗಿತ್ತು. ಆ ಪಾಸ್‌ಬುಕ್ ಇಲ್ಲದಿದ್ದರೆ ಅವರ ಹಣಕ್ಕೆ ಸಾಕ್ಷಿ ಅವರ ಮಾತೊಂದೇ.

ಇದು ಸಣ್ಣ ಶಾಖೆಯ ಕತೆ ಅಂದುಕೊಳ್ಳಬೇಡಿ. 1998ರಲ್ಲಿ ಪಿಕ್ಸರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಬಹುಪಾಲು ಕಡತಗಳು ಅಳಿಸಿಹೋದವು. ಬ್ಯಾಕಪ್ ಟೇಪು ತೆಗೆದು ನೋಡಿದರೆ ಅದು ಎಷ್ಟೋ ದಿನದಿಂದ ಸರಿಯಾಗಿ ನಡೆದೇ ಇರಲಿಲ್ಲ. ಆಗಷ್ಟೇ ಹೆರಿಗೆಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿಯಿತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತಂದರು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ದತ್ತಾಂಶವನ್ನೇ ಅಳಿಸಿದರು. ಬ್ಯಾಕಪ್ಪಿಗೆ ಐದು ಏರ್ಪಾಡುಗಳಿದ್ದವು, ಒಂದೂ ನಂಬುವಂತಿರಲಿಲ್ಲ. ದಿನದ ನಕಲು ತೆಗೆಯುವ ತಂತ್ರಾಂಶದ ಆವೃತ್ತಿ ಹೊಂದದೆ ಅದು ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಇಮೇಲುಗಳು ಯಾರಿಗೂ ತಲುಪುತ್ತಿರಲಿಲ್ಲ. ಉಳಿಸಿದ್ದು, ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ಕೈಯಿಂದ ತೆಗೆದಿಟ್ಟಿದ್ದ ಒಂದು ನಕಲು. ಅವರು ಇದನ್ನು ಮುಚ್ಚಿಡದೆ ಎಲ್ಲರಿಗೂ ಬರೆದು ತಿಳಿಸಿದರು, ಅದು ಅವರ ದೊಡ್ಡತನ.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಎಂಬ 3-2-1 ನಿಯಮವನ್ನು ಪ್ರಚಾರಕ್ಕೆ ತಂದವರು ಪೀಟರ್ ಕ್ರೋ ಎಂಬ ಛಾಯಾಗ್ರಾಹಕರು. ಇದರ ತಿರುಳು ಕನ್ನಡದವರಿಗೆ ಹೊಸದಲ್ಲ. ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ತನ್ನ ಖರ್ಚಿನಲ್ಲಿ ಸಾವಿರ ಪ್ರತಿ ಬರೆಸಿ ಹಂಚಿದಳು ಎಂಬುದು ಪ್ರಸಿದ್ಧ. ತಾಳೆಗರಿಗೂ ಆಯಸ್ಸಿದೆ. ಗೆದ್ದಲು, ತೇವ, ಬೆಂಕಿ. ಎಣ್ಣೆ ಸವರಿ ಕಾಪಾಡಬೇಕು, ಶಿಥಿಲವಾಗುವ ಮೊದಲು ಮತ್ತೊಂದಕ್ಕೆ ಇಳಿಸಬೇಕು. ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದ ಧವಲಾ ಗ್ರಂಥದ ಗರಿಗಳಿಂದ ಪ್ರತಿ ಇಳಿಸಿದ್ದರಿಂದಲೇ 1939ರಲ್ಲಿ ಅದರ ಮೊದಲ ಸಂಪುಟ ಅಚ್ಚಾಗಲು ಸಾಧ್ಯವಾಯಿತು. ಗರಿಯನ್ನು ನಕಲು ಮಾಡುವವನು ಅಕ್ಷರ ಅಕ್ಷರ ಓದಲೇಬೇಕು. ಪ್ರತಿ ತೆಗೆಯುವುದೂ ಅದು ಓದಬರುತ್ತದೆಯೇ ಎಂದು ನೋಡುವುದೂ ಅಲ್ಲಿ ಒಂದೇ ಕೆಲಸ. ನನ್ನ ಆರು ಫ್ಲಾಪಿಗಳಿಗೆ ಇಲ್ಲದೆ ಹೋದದ್ದು ಅದೇ.

ಅಳಿಯ ಇಷ್ಟನ್ನೂ ಕೇಳಿ, “ಹಾಗಾದರೆ ಅಜ್ಜಿಯ ಹಾಡುಗಳು?” ಅಂದ.

ನನ್ನ ಅಮ್ಮ ಹೇಳುತ್ತಿದ್ದ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದೆ. ಆರು ವರ್ಷದ ಹಿಂದೆ ಅವನ್ನು ಒಂದು ಹಾರ್ಡ್ ಡಿಸ್ಕಿಗೆ ಇಳಿಸಿ, ಕ್ಯಾಸೆಟ್ಟುಗಳಿಗೆ ಬೂಸ್ಟು ಹಿಡಿದಿದೆಯೆಂದು ಎಸೆದಿದ್ದೆವು. ಡಿಸ್ಕನ್ನು ಆಮೇಲೆ ತೆರೆದಿರಲಿಲ್ಲ. ಬೀರುವಿನಿಂದ ತೆಗೆದು ಲ್ಯಾಪ್‌ಟಾಪಿಗೆ ಚುಚ್ಚಿದೆವು. ಎರಡು ಸಲ ಟಿಕ್ ಟಿಕ್ ಅಂದು ನಿಂತಿತು. ಮೂರನೆಯ ಸಲಕ್ಕೆ ತೆರೆಯಿತು. ಹದಿನಾಲ್ಕು ಹಾಡಿನಲ್ಲಿ ಹನ್ನೊಂದು ನುಡಿದವು. ಮೂರು ಹೋಗಿದ್ದವು.

ಅಂದೇ ರಾತ್ರಿ ಹನ್ನೊಂದನ್ನೂ ಎರಡು ಕಡೆ ನಕಲು ಮಾಡಿ, ಒಂದೊಂದನ್ನೂ ಕೊನೆಯವರೆಗೆ ಕೇಳಿ ಮಲಗುವಾಗ ಎರಡು ಗಂಟೆ. ಒಂದು ಪೆನ್ ಡ್ರೈವನ್ನು ಅಳಿಯ ಉಡುಪಿಗೆ ತೆಗೆದುಕೊಂಡು ಹೋಗಿದ್ದಾನೆ. ಪ್ರತಿ ದೀಪಾವಳಿಗೆ ಅದನ್ನು ಹಾಕಿ ಕೇಳಿ ನನಗೆ ಫೋನ್ ಮಾಡಬೇಕು ಅಂತ ಮಾತಾಗಿದೆ. ಪರೀಕ್ಷೆ ಮುಂದಿನ ಭಾನುವಾರ.