ಮರ್ಮಗೋವಾ: ಹಡಗಿನ ಹೊಗೆ, ಧಕ್ಕೆಯ ಧೂಳು

ಬಂದರಿನ ಹಿರಿಮೆಯನ್ನು ಬಹುಕಾಲ ಟನ್ನುಗಳಲ್ಲಿಯೇ ಅಳೆಯಲಾಗುತ್ತಿತ್ತು. ಗೋವಾದ ಮರ್ಮಗೋವಾವೂ ಇದಕ್ಕೆ ಹೊರತಲ್ಲ. 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ತರುವಾಯ, 1880ರ ದಶಕದಲ್ಲಿ, ಆಧುನಿಕ ಬಂದರು ಮತ್ತು ಕ್ಯಾಸಲ್‌ರಾಕ್‌ವರೆಗಿನ ರೈಲುದಾರಿ ಒಂದೇ ಯೋಜನೆಯ ಎರಡು ಭಾಗಗಳಾಗಿ ರೂಪುಗೊಂಡವು. ವಿಮೋಚನೆಯ ನಂತರದ ದಶಕಗಳಲ್ಲಿ ಕಬ್ಬಿಣದ ಅದಿರಿನ ರಫ್ತು ಈ ಬಂದರನ್ನು ಬೆಳೆಸಿತು. 2012ರಲ್ಲಿ ಗೋವಾದ ಗಣಿಗಾರಿಕೆ ಸ್ಥಗಿತಗೊಂಡಾಗ ಅದಿರಿನ ವಹಿವಾಟು ಕುಸಿದು, ಆಮದಾಗುವ ಕಲ್ಲಿದ್ದಲಿನ ಮಹತ್ವ ಹೆಚ್ಚಿತು.

ಈ ಸರಕಿನ ಎರಡೂ ತುದಿಗಳಲ್ಲಿ ಕನ್ನಡವಿದೆ. ಕಲ್ಲಿದ್ದಲಿನ ಬಹುಪಾಲು ತಲುಪುವುದು ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಗೆ. ಬಂದರಿಗೆ ಹೊಂದಿಕೊಂಡ ವಾಸ್ಕೊ ಮತ್ತು ಬೈನಾಗಳಲ್ಲಿ ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ದುಡಿಮೆಗಾರರ ಕೇರಿಗಳಿವೆ. ಉಕ್ಕು ಒಂದೆಡೆ, ಧೂಳು ಇನ್ನೊಂದೆಡೆ.

2017ರಲ್ಲಿ ಬಂದರಿನ ವಿಸ್ತರಣೆ ಕುರಿತು ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ನಿವಾಸಿಗಳು ಎತ್ತಿದ ಪ್ರಧಾನ ಆಕ್ಷೇಪ ಮನೆಯೊಳಗೆ ಕೂರುವ ಕಪ್ಪು ಧೂಳಿನದು. ಇಲ್ಲಿ ಅಳತೆಯದೇ ಒಂದು ತೊಡಕಿದೆ. 2009ರ ರಾಷ್ಟ್ರೀಯ ಮಾನದಂಡವು 10 ಮೈಕ್ರಾನ್‌ವರೆಗಿನ ಕಣಗಳಿಗೆ ಘನಮೀಟರಿಗೆ 24 ಗಂಟೆಗಳ ಸರಾಸರಿಯಾಗಿ 100, ವಾರ್ಷಿಕವಾಗಿ 60 ಮೈಕ್ರೋಗ್ರಾಂ ಮಿತಿ ವಿಧಿಸುತ್ತದೆ. ಶ್ವಾಸಕೋಶದ ದೃಷ್ಟಿಯಿಂದ ಇದು ಅವಶ್ಯವೇ. ಆದರೆ ಕಿಟಕಿಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಬಂದು ಕೂರುವುದು ಹೆಚ್ಚಾಗಿ ಅದಕ್ಕಿಂತ ದಪ್ಪನೆಯ ಕಣ. ಗಾಳಿ ಬೀಸಿದ ಎರಡು ಗಂಟೆಗಳ ತೀವ್ರತೆ ದಿನದ ಸರಾಸರಿಯಲ್ಲಿ ಕರಗಿಹೋಗುತ್ತದೆ. ಆದ್ದರಿಂದ ವರದಿಯ ಅಂಕಿಯೂ ಮನೆಯೊಡತಿಯ ದೂರೂ ಏಕಕಾಲದಲ್ಲಿ ನಿಜವಾಗಿರಬಲ್ಲವು.

2023ರಲ್ಲಿ ಮರ್ಮಗೋವಾ ಬಂದರು 'ಹರಿತ್ ಶ್ರೇಯ್' ಯೋಜನೆಯಡಿ, ಹಡಗುಗಳ ಪರಿಸರ ಸೂಚ್ಯಂಕವನ್ನು ಆಧರಿಸಿ ಬಂದರು ಶುಲ್ಕದಲ್ಲಿ ರಿಯಾಯಿತಿ ನೀಡತೊಡಗಿತು. ಗಂಧಕ ಮತ್ತು ಸಾರಜನಕದ ಆಕ್ಸೈಡ್‌ಗಳನ್ನು ಅಂತಾರಾಷ್ಟ್ರೀಯ ಮಿತಿಗಿಂತ ಕಡಿಮೆ ಉಗುಳುವ ಹಡಗಿಗೆ ಈ ಸೂಚ್ಯಂಕದಲ್ಲಿ ಹೆಚ್ಚು ಅಂಕ. ಶುಲ್ಕವನ್ನೇ ಸುಧಾರಣೆಯ ಸಾಧನವಾಗಿಸಿದ್ದು ಮೆಚ್ಚತಕ್ಕ ಕ್ರಮ. ಆದರೂ ಸೂಚ್ಯಂಕ ನೋಡುವುದು ಎಂಜಿನನ್ನು, ಸರಕನ್ನಲ್ಲ. ಶುದ್ಧ ಇಂಧನದ ಹಡಗು ಹೊತ್ತು ತಂದ ಕಲ್ಲಿದ್ದಲು ಕ್ರೇನಿನಿಂದ ಸುರಿಯುವಾಗ, ರಾಶಿಯಾಗುವಾಗ, ವ್ಯಾಗನ್ ತುಂಬುವಾಗ ಏಳುವ ಧೂಳು ಈ ಲೆಕ್ಕಕ್ಕೆ ಸೇರುವುದೇ ಇಲ್ಲ.

ರೈಲುದಾರಿಯ ಪಾಲಿನ ಪರಿಶೀಲನೆ ನ್ಯಾಯಾಲಯದ ಮೂಲಕ ಬಂತು. ಪಶ್ಚಿಮ ಘಟ್ಟದ ಅಭಯಾರಣ್ಯವನ್ನು ಹಾಯುವ ಕ್ಯಾಸಲ್‌ರಾಕ್-ಕುಳೆಂ ಮಾರ್ಗದ ಜೋಡಿಹಳಿಗೆ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಅಲ್ಲಿ ಚರ್ಚೆಗೆ ಬಂದದ್ದು ಕಾಡು. ಕೇರಿ ಆ ವ್ಯಾಜ್ಯದ ವಿಷಯವಾಗಿರಲಿಲ್ಲ.

ಬೀಳುವ ಧೂಳನ್ನು ಅಳೆಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ತೆರೆದ ಬಾಯಿಯ ಪಾತ್ರೆಯನ್ನು ತಿಂಗಳಿಡೀ ಬಯಲಿನಲ್ಲಿಟ್ಟು, ಅದರಲ್ಲಿ ಸಂಗ್ರಹವಾದುದನ್ನು ಒಣಗಿಸಿ ತೂಗುವ ವಿಧಾನ ಒಂದು ಶತಮಾನದಷ್ಟು ಹಳೆಯದು. ಬಂದರಿನ ಹಸಿರು ಲೆಕ್ಕಪುಸ್ತಕದಲ್ಲಿ ಹಡಗಿನ ಅಂಕದ ಪಕ್ಕದಲ್ಲಿಯೇ ಬೈನಾದ ಮಾಳಿಗೆಗಳ ಆ ತೂಕಕ್ಕೂ ಒಂದು ಅಂಕಣವಿರಬೇಕು. ಧಕ್ಕೆಯನ್ನು ಬಳಸುವ ಸಂಸ್ಥೆ ತೆರುವ ಶುಲ್ಕವೂ ಅದಕ್ಕನುಗುಣವಾಗಿ ಏರಿಳಿಯಬೇಕು.