ಆಪತ್ತಿನ ಹೊತ್ತಿಗೆ ಮನೆಯಲ್ಲಿರಬೇಕಾದ ಸಾಧನ: ಒಂದು ಚಾರಿತ್ರಿಕ ನೋಟ

ಈ ಲೇಖನವನ್ನು ಓದುವ ಮುನ್ನ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಮೊಬೈಲ್ ಫೋನನ್ನು ಪಕ್ಕಕ್ಕಿಟ್ಟು, ಒಂದು ಕಾಗದದ ಮೇಲೆ ನೆನಪಿನಿಂದಲೇ ಎಷ್ಟು ದೂರವಾಣಿ ಸಂಖ್ಯೆಗಳನ್ನು ಬರೆಯಬಲ್ಲಿರೋ ನೋಡಿ. ನಾನು ಮೂರಕ್ಕೆ ನಿಂತೆ. ಅದರಲ್ಲೊಂದು, ವರ್ಷಗಳ ಹಿಂದೆಯೇ ಕಿತ್ತುಹಾಕಿಸಿದ ನಮ್ಮ ಮನೆಯ ಸ್ಥಿರ ದೂರವಾಣಿಯದು. ಹತ್ತು ಮಂದಿ ಸಂಬಂಧಿಕರು ಹೊರದೇಶದಲ್ಲಿರುವ ಮನೆಯ ಕಥೆ ಇದು. ವಿದ್ಯುತ್ತು ಹೋಗಿ, ಫೋನ್ ಆರಿ, ಹೊರಗೆ ನೀರು ಏರುತ್ತಿರುವ ರಾತ್ರಿ ನಾವು ಯಾರನ್ನು ಕರೆಯುತ್ತೇವೆ, ಯಾತರಿಂದ ಕರೆಯುತ್ತೇವೆ? ಈ ಪ್ರಶ್ನೆಗೆ ಅಂಗಡಿಯವನಿಗಿಂತ ಇತಿಹಾಸವೇ ಚೆನ್ನಾಗಿ ಉತ್ತರ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

1970ರ ನವೆಂಬರ್ 12. ಇಂದಿನ ಬಾಂಗ್ಲಾದೇಶ ಆಗ ಪೂರ್ವ ಪಾಕಿಸ್ತಾನವಾಗಿತ್ತು. ರಮಝಾನ್ ತಿಂಗಳ ನಡುಭಾಗ, ಹುಣ್ಣಿಮೆ ಹತ್ತಿರವಾಗಿದ್ದರಿಂದ ಸಮುದ್ರದ ಉಬ್ಬರವೂ ಹೆಚ್ಚು. ಆ ರಾತ್ರಿ ಬಂಗಾಳ ಕೊಲ್ಲಿಯಿಂದ ಬಂದ ಚಂಡಮಾರುತ ಭೋಲಾ, ಹಟಿಯಾ, ಮನಪುರಾ ದ್ವೀಪಗಳ ಮೇಲೆ ಸಮುದ್ರವನ್ನೇ ಎತ್ತಿ ಹಾಕಿತು. ಸತ್ತವರು ಮೂರು ಲಕ್ಷದಿಂದ ಐದು ಲಕ್ಷ ಎಂದು ಅಂದಾಜು. ತಜುಮುದ್ದೀನ್ ಎಂಬ ಒಂದೇ ಠಾಣೆಯ ವ್ಯಾಪ್ತಿಯಲ್ಲಿ 1,67,000 ಜನರ ಪೈಕಿ ಶೇಕಡಾ 45ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಒಂದು ಕ್ಷಣ ನಿಂತು ನಿಮ್ಮ ತಾಲೂಕನ್ನು ನೆನೆಸಿಕೊಳ್ಳಿ.

ಸುದ್ದಿ ತಲುಪದೆ ಇವರು ಸತ್ತರು ಎಂದು ನೀವು ಭಾವಿಸಬಹುದು. ಹಾಗಲ್ಲ. ರೇಡಿಯೋ ಮುನ್ನೆಚ್ಚರಿಕೆ ಬಿತ್ತರಿಸಿತ್ತು. ಚಂಡಮಾರುತ ಬರುತ್ತಿದೆ ಎಂಬುದು ಆ ಭಾಗದ ನೂರರಲ್ಲಿ ತೊಂಬತ್ತು ಜನರಿಗೆ ಗೊತ್ತಿತ್ತು, ಆದರೆ ಗಟ್ಟಿ ಕಟ್ಟಡಗಳಿಗೆ ಹೋದವರು ನೂರಕ್ಕೆ ಒಬ್ಬರು ಎಂದು ನಂತರದ ಅಧ್ಯಯನ ಹೇಳಿತು. ಏಕೆ? ಕೊನೆಯ ಹೊತ್ತಿನಲ್ಲಿ ರೇಡಿಯೋ ‘ರೆಡ್-4, ರೆಡ್-4’ ಎಂದು ಕೂಗಿತು. ಮಹಾ ಅಪಾಯ ಎಂಬುದಕ್ಕೆ ಅದು ಹೊಸ ಸಂಕೇತ. ದ್ವೀಪದ ಜನರಿಗೆ ರೂಢಿಯಿದ್ದುದು ಒಂದರಿಂದ ಹತ್ತರವರೆಗಿನ ಹಳೆಯ ಸಂಖ್ಯೆಗಳು. ಹತ್ತರಲ್ಲಿ ನಾಲ್ಕು ಎಂದರೆ ಅವರ ಲೆಕ್ಕದಲ್ಲಿ ದೊಡ್ಡ ಸಂಗತಿಯಲ್ಲ. ಸಾಲದ್ದಕ್ಕೆ ಹಿಂದಿನ ತಿಂಗಳಷ್ಟೇ ಒಂದು ಚಂಡಮಾರುತಕ್ಕೆ ಭಾರೀ ಎಚ್ಚರಿಕೆ ಕೊಡಲಾಗಿತ್ತು. ಹೇಳಿದಷ್ಟು ಅನಾಹುತ ಆಗಿರಲಿಲ್ಲ. ಜನ ಮಲಗಿದರು.

ಅಂದರೆ ಸಾಧನವಿತ್ತು, ಅಲೆಯೂ ತಲುಪಿತ್ತು, ಮಾತು ಮಾತ್ರ ತಲುಪಲಿಲ್ಲ.

ಈ ಪಾಠದಿಂದ ಹುಟ್ಟಿದ್ದೇ ಚಂಡಮಾರುತ ಪೂರ್ವಸಿದ್ಧತಾ ಕಾರ್ಯಕ್ರಮ. 1972ರಲ್ಲಿ, ದೇಶ ಸ್ವತಂತ್ರವಾದ ಮರುವರ್ಷವೇ, ರೆಡ್ ಕ್ರಾಸ್ ಸಂಸ್ಥೆ ಅದನ್ನು ಆರಂಭಿಸಿತು. ನಂತರ ಸರಕಾರವೂ ಕೈಜೋಡಿಸಿತು. ಅವರು ಆರಿಸಿಕೊಂಡ ಸಾಧನಗಳನ್ನು ನೋಡಿದರೆ ನಿಮಗೆ ನಗು ಬರಬಹುದು: ಬ್ಯಾಟರಿಯ ಟ್ರಾನ್ಸಿಸ್ಟರ್ ರೇಡಿಯೋ, ಕೈಯಲ್ಲಿ ಹಿಡಿಯುವ ಮೆಗಾಫೋನ್, ಕೈಯಿಂದ ತಿರುಗಿಸುವ ಸೈರನ್, ಮತ್ತು ಬಾವುಟ. ಕೇಂದ್ರ ಕಚೇರಿಯಿಂದ ವೈರ್‌ಲೆಸ್ ಮೂಲಕ ಬಂದ ಸಂದೇಶವನ್ನು ಊರಿನ ಸ್ವಯಂಸೇವಕ ಹಿಡಿದು, ಊರಿನ ಭಾಷೆಯಲ್ಲಿ ಮನೆಮನೆಗೆ ಹೇಳಬೇಕು. ಕೋಲಿಗೆ ಒಂದು ಬಾವುಟ ಏರಿದರೆ ಎಚ್ಚರ, ಎರಡು ಏರಿದರೆ ಅಪಾಯ, ಮೂರು ಏರಿದರೆ ಮನೆ ಬಿಟ್ಟು ಹೊರಡಬೇಕು. ಓದು ಬಾರದವರಿಗೂ ಎಣಿಕೆ ಬರುತ್ತದೆ. ಮಸೀದಿಗಳ ಧ್ವನಿವರ್ಧಕಗಳೂ ಈ ಕೆಲಸಕ್ಕೆ ಒದಗಿದವು.

ಒಂದೇ ವರ್ಷದಲ್ಲಿ ಎಲ್ಲವೂ ಸರಿಹೋಯಿತು ಎಂದಲ್ಲ. 1991ರ ಏಪ್ರಿಲ್ 29ರ ಚಂಡಮಾರುತದಲ್ಲಿ ಸುಮಾರು 1,38,000 ಜನ ಸತ್ತರು. ಓಡಿ ಸೇರಲು ಆಶ್ರಯ ಕಟ್ಟಡಗಳು ಸಾಲದಾಗಿದ್ದವು. ಆದರೆ 2007ರ ನವೆಂಬರಿನ ‘ಸಿಡ್ರ್’ ಚಂಡಮಾರುತದಲ್ಲಿ ಸಾವಿನ ಸಂಖ್ಯೆ ಮೂರೂವರೆ ಸಾವಿರದ ಆಸುಪಾಸಿಗೆ ಇಳಿಯಿತು. 2020ರ ‘ಅಂಫಾನ್’ ಬಂದಾಗ ಆ ದೇಶದಲ್ಲಿ ಕೆಲವು ಹತ್ತುಗಳಷ್ಟೇ. ‘ಸಿಡ್ರ್’ ಗಾಳಿಯ ಬಲವೇನೂ ಕಡಿಮೆಯದ್ದಾಗಿರಲಿಲ್ಲ. ಮೂಲ ಸ್ವಯಂಸೇವಕರ ಸಂಖ್ಯೆ ಇಪ್ಪತ್ತು ಸಾವಿರ. ಈಗ ಎಪ್ಪತ್ತು ಸಾವಿರ ದಾಟಿದೆ, ಅದರಲ್ಲಿ ಅರ್ಧದಷ್ಟು ಮಹಿಳೆಯರು. ಪರಗಂಡಸಿನ ಕೂಗಿಗೆ ಬಾಗಿಲು ತೆರೆಯಲು ಹಿಂಜರಿಯುವ ಮನೆಯ ಹೆಂಗಸರು ನೆರೆಮನೆಯ ಹೆಂಗಸಿನ ಕೂಗಿಗೆ ಹೊರಬರುತ್ತಾರೆ. ಇದನ್ನು ಯಾವ ಯಂತ್ರವೂ ಮಾಡಲಾರದು.

ನಮ್ಮ ದೇಶದತ್ತ ಬರೋಣ. 1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಮಹಾ ಚಂಡಮಾರುತ ಬಡಿದಾಗ ರಾಜಧಾನಿಯ ದೂರವಾಣಿ ಸಂಪರ್ಕವೇ ಕಡಿದುಹೋಯಿತು. 2001ರ ಜನವರಿ 26ರ ಬೆಳಿಗ್ಗೆ ಭುಜ್‌ನಲ್ಲಿ ಭೂಮಿ ನಡುಗಿದಾಗಲೂ ಅದೇ ಕಥೆ. ಎರಡೂ ಕಡೆ ಮೊದಲ ಸುದ್ದಿಗಳನ್ನು ಸಾಗಿಸಲು ನೆರವಾದವರು ಹ್ಯಾಮ್ ರೇಡಿಯೋ ಹವ್ಯಾಸಿಗಳು. ಕಾರಿನ ಬ್ಯಾಟರಿ, ಒಂದು ಪೆಟ್ಟಿಗೆ, ಮರಕ್ಕೆ ಕಟ್ಟಿದ ತಂತಿ, ಇಷ್ಟೇ ಅವರ ಸರಂಜಾಮು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆ ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು. ಜಗತ್ತಿನ ಹವ್ಯಾಸಿಗಳೊಡನೆ ಮಾತಾಡುವ ಸಂತೋಷಕ್ಕಾಗಿ ಹೋದವರು. 26ರ ಬೆಳಿಗ್ಗೆ ಸುನಾಮಿ ಬಂತು. ಹವ್ಯಾಸದ ಆ ಕೇಂದ್ರವೇ ದ್ವೀಪಕ್ಕೂ ಮುಖ್ಯಭೂಮಿಗೂ ನಡುವಿನ ಕೊಂಡಿಯಾಯಿತು. ದ್ವೀಪದಲ್ಲಿದ್ದವರ ಕ್ಷೇಮ ಸಮಾಚಾರ ಅಲ್ಲಿಂದ ಹೊರಟಿತು.

ಅದೇ ದಿನದ ಇನ್ನೊಂದು ಘಟನೆ ನನಗೆ ಬಹಳ ಪ್ರಿಯ. ಪುದುಚೇರಿ ಬಳಿಯ ನಲ್ಲವಾಡು ಮೀನುಗಾರರ ಹಳ್ಳಿ. ಸಿಂಗಾಪುರದಲ್ಲಿ ದುಡಿಯುತ್ತಿದ್ದ ಆ ಊರಿನ ಯುವಕನೊಬ್ಬ ಟೀವಿಯಲ್ಲಿ ಸುನಾಮಿಯ ಸುದ್ದಿ ನೋಡಿ ಮನೆಗೆ ಫೋನ್ ಮಾಡಿದ. ಸಮುದ್ರದ ನೀರು ಒಳಬರುತ್ತಿದೆ ಎಂದು ತಂಗಿ ಹೇಳಿದಳು. ಓಡಿ, ಎಲ್ಲರಿಗೂ ಹೇಳಿ ಎಂದ. ಊರಿನಲ್ಲಿ ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನದ ಮಾಹಿತಿ ಕೇಂದ್ರವಿತ್ತು, ಕಡಲಿನ ಅಲೆ ಎಷ್ಟು ಎತ್ತರವೆಂದು ದಿನವೂ ಬಿತ್ತರಿಸಲು ಅದಕ್ಕೆ ಧ್ವನಿವರ್ಧಕ ಇತ್ತು. ಬಾಗಿಲಿನ ಬೀಗ ಒಡೆದು ಅದರಲ್ಲಿ ಕೂಗಿದರು. ನೂರಾರು ದೋಣಿಗಳೂ ಮನೆಗಳೂ ಹಾಳಾದವು. ಊರಿನ ಸುಮಾರು 3,600 ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ಕೊಲ್ಲಿ ದೇಶಗಳಲ್ಲಿ ಮಕ್ಕಳಿರುವ ನಮ್ಮ ಕರಾವಳಿಯ ಮನೆಗಳವರು ಇದನ್ನು ಗಮನವಿಟ್ಟು ಓದಬೇಕು. ದೂರದ ನೆಂಟನೇ ಆ ದಿನ ಎಲ್ಲರಿಗಿಂತ ಮೊದಲು ಸುದ್ದಿ ತಿಳಿದವನಾಗಿದ್ದ. ಆಪತ್ತಿನಲ್ಲಿ ಊರೊಳಗಿನ ಕರೆಗಳು ನೂಕುನುಗ್ಗಲಿಗೆ ಸಿಕ್ಕಿ ಕೂರುತ್ತವೆ, ಹೊರಗಿನ ಕರೆ ಎಷ್ಟೋ ಸಲ ಸಿಗುತ್ತದೆ. ಹಾಗಾಗಿ ಮನೆಯವರೆಲ್ಲ ಒಬ್ಬರನ್ನೊಬ್ಬರು ಹುಡುಕುವ ಬದಲು, ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಒಬ್ಬ ಮಾವನಿಗೆ ಎಲ್ಲರೂ ಕ್ಷೇಮ ತಿಳಿಸುವುದು ಜಾಣತನ.

ಜಪಾನಿನವರು ಇದನ್ನೇ ಒಂದು ವ್ಯವಸ್ಥೆಯನ್ನಾಗಿ ಮಾಡಿದರು. 1995ರ ಜನವರಿ 17ರ ಕೋಬೆ ಭೂಕಂಪದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಬದುಕಿದವರ ನೆಂಟರು ಒಮ್ಮೆಲೇ ಕರೆ ಮಾಡಿ ದೂರವಾಣಿ ಜಾಲವೇ ಉಸಿರುಗಟ್ಟಿತು. 1998ರಿಂದ ಅಲ್ಲಿ 171 ಎಂಬ ಸಂಖ್ಯೆ ಇದೆ. ಅದಕ್ಕೆ ಕರೆ ಮಾಡಿ, ಮನೆಯ ದೂರವಾಣಿ ಸಂಖ್ಯೆ ಒತ್ತಿ, ಅರ್ಧ ನಿಮಿಷದ ಮಾತನ್ನು ಇಟ್ಟು ಹೋಗಬಹುದು. ಹುಡುಕುವವರು ಅದೇ ಸಂಖ್ಯೆ ಒತ್ತಿ ಕೇಳಿಕೊಳ್ಳುತ್ತಾರೆ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಇಶಿನೊಮಾಕಿ ಪಟ್ಟಣದ ಪತ್ರಿಕೆಯ ಮುದ್ರಣಯಂತ್ರ ನಿಂತುಹೋದಾಗ, ಸಂಪಾದಕ ಬಳಗ ಆರು ದಿನ ದೊಡ್ಡ ಕಾಗದದ ಮೇಲೆ ಕೈಬರಹದಲ್ಲಿ ಸುದ್ದಿ ಬರೆದು ಆಶ್ರಯ ಕೇಂದ್ರಗಳಲ್ಲಿ ಅಂಟಿಸಿತು. ಅಷ್ಟು ಮುಂದುವರಿದ ದೇಶದಲ್ಲಿ ಕೊನೆಗೆ ಉಳಿದದ್ದು ಮಾರ್ಕರ್ ಪೆನ್ನು!

ಈಗ ನಮ್ಮ ಮನೆಗೆ ಬರೋಣ. ನಮ್ಮ ಹಿರಿಯರ ಕಾಲದಲ್ಲಿ ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಟೂ-ಇನ್-ಒನ್ ಇದ್ದೇ ಇರುತ್ತಿತ್ತು. ಅದರ ರೇಡಿಯೋ ಭಾಗ ಈಗಲೂ ನಡೆಯುವಂತಿದ್ದರೆ ಗುಜರಿಗೆ ಹಾಕಬೇಡಿ. ಇಲ್ಲದಿದ್ದರೆ ಸಾಮಾನ್ಯ ಸೆಲ್ ಹಾಕುವ ಚಿಕ್ಕ ರೇಡಿಯೋ ಸಾಕು. ಸೆಲ್‌ಗಳನ್ನು ಒಳಗೇ ಬಿಟ್ಟರೆ ಸೋರಿ ಹಾಳಾಗುತ್ತದೆ, ಬೇರೆ ಇಡಿ. ಕೈಯಿಂದ ತಿರುಗಿಸಿ ನಡೆಸುವ ರೇಡಿಯೋವನ್ನು ಬ್ರಿಟನ್ನಿನ ಟ್ರೆವರ್ ಬೇಯ್ಲಿಸ್ 1990ರ ದಶಕದ ಆರಂಭದಲ್ಲಿ ರೂಪಿಸಿದ್ದು ವಿದ್ಯುತ್ತಿಲ್ಲದ ಆಫ್ರಿಕಾದ ಹಳ್ಳಿಗಳಿಗೆ ರೋಗದ ಮಾಹಿತಿ ತಲುಪಲೆಂದು. ಅಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಕೆಲವು ಮೊಬೈಲುಗಳಲ್ಲಿ ಇರುವ ಎಫ್.ಎಂ. ರೇಡಿಯೋಗೆ ಇಯರ್‌ಫೋನಿನ ತಂತಿಯೇ ಆಂಟೆನಾ, ಟವರ್ ಸತ್ತರೂ ಅದು ಹಾಡುತ್ತದೆ. ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾದ ಜೊತೆ ಇದನ್ನೂ ಕೇಳಿ.

ಹಳೆಯ ತಾಮ್ರದ ತಂತಿಯ ದೂರವಾಣಿಗೆ ವಿದ್ಯುತ್ತು ಬರುತ್ತಿದ್ದುದು ಎಕ್ಸ್‌ಚೇಂಜಿನ ಬ್ಯಾಟರಿಯಿಂದ. ಅದಕ್ಕೇ ಊರೆಲ್ಲ ಕತ್ತಲಾದರೂ ಅದು ರಿಂಗಾಗುತ್ತಿತ್ತು. ಈಗಿನ ಫೈಬರ್ ಸಂಪರ್ಕದಲ್ಲಿ ಮನೆಯ ಪೆಟ್ಟಿಗೆಗೆ ವಿದ್ಯುತ್ತು ಹೋದರೆ ಫೋನೂ ಹೋಯಿತು. ಮೊಬೈಲ್ ಟವರಿನ ಬ್ಯಾಟರಿಯೂ ಕೆಲವೇ ಗಂಟೆಗಳದ್ದು, ಡೀಸೆಲ್ ಬರದಿದ್ದರೆ ಅದೂ ಮೌನ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಹಲವು ಊರುಗಳು ಹೀಗೆ ಮೂಕವಾದವು. ಸಂಪರ್ಕ ಕ್ಷೀಣವಾಗಿರುವಾಗ ಮಾತಾಡಲು ಹೋಗದೆ ಎಸ್ಸೆಮ್ಮೆಸ್ ಕಳಿಸಿ. ದಾರಿ ಸಿಕ್ಕಾಗ ಅದು ತಾನೇ ನುಸುಳಿ ತಲುಪುತ್ತದೆ. ಒಂದು ಕೀಪ್ಯಾಡ್ ಫೋನ್, ಒಂದು ಪವರ್ ಬ್ಯಾಂಕ್ ಬೀರುವಿನಲ್ಲಿರಲಿ.

ಒಂದು ಎಚ್ಚರಿಕೆಯನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಕೊಲ್ಲಿ ದೇಶಗಳಲ್ಲಿ ‘ತುರಾಯಾ’ದಂಥ ಉಪಗ್ರಹ ಫೋನ್ ಸುಲಭವಾಗಿ ಸಿಗುತ್ತದೆ. ಆಪತ್ಕಾಲಕ್ಕೆ ಇರಲಿ ಎಂದು ಊರಿಗೆ ತರಬೇಡಿ. ನಮ್ಮ ದೇಶದಲ್ಲಿ ಸರಕಾರದ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣದಲ್ಲೇ ಬಂಧನಕ್ಕೊಳಗಾದವರಿದ್ದಾರೆ. ಹೆಚ್ಚು ಶಕ್ತಿಯ ವಾಕಿಟಾಕಿಗೂ ಪರವಾನಗಿ ಬೇಕು. ಹ್ಯಾಮ್ ರೇಡಿಯೋಗೆ ಪರೀಕ್ಷೆಯಿದೆ, ಹನ್ನೆರಡು ತುಂಬಿದ ಮಕ್ಕಳೂ ಬರೆಯಬಹುದು. ನಮ್ಮ ಶಾಲೆಗಳ ಹೈಸ್ಕೂಲು ಮಕ್ಕಳಿಗೆ ಇದಕ್ಕಿಂತ ಉಪಯುಕ್ತ ಹವ್ಯಾಸ ನನಗೆ ಹೊಳೆಯುತ್ತಿಲ್ಲ.

2023ರ ಅಕ್ಟೋಬರಿನಲ್ಲಿ ಒಂದು ದಿನ ನಮ್ಮ ರಾಜ್ಯದ ಮೊಬೈಲುಗಳು ವಿಚಿತ್ರವಾಗಿ ಕಿರುಚಿದ್ದು ನಿಮಗೆ ನೆನಪಿರಬಹುದು. ಅದು ಸರಕಾರದ ತುರ್ತು ಎಚ್ಚರಿಕೆಯ ಪರೀಕ್ಷೆ. ಟವರಿನ ವ್ಯಾಪ್ತಿಯ ಎಲ್ಲ ಫೋನುಗಳಿಗೂ ಒಂದೇ ಸಲಕ್ಕೆ ಸಂದೇಶ ಹೋಗುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಆ ದಿನ ಫೋನ್ ಕೆಟ್ಟಿತೆಂದು ಅದನ್ನು ಒತ್ತಿ ಆರಿಸಿದವರೂ ಇದ್ದರು, ಸಂದೇಶ ಓದಲು ಬಾರದ ಅಜ್ಜಿಯಂದಿರೂ ಇದ್ದರು. ಕಿರುಚಿದ್ದು ಏಕೆ, ಮುಂದಿನ ಸಲ ಕಿರುಚಿದರೆ ಎಲ್ಲಿಗೆ ಹೋಗಬೇಕು ಎಂದು ನಿಮ್ಮ ಮನೆಯ ಅಜ್ಜಿಗೆ ಯಾರಾದರೂ ಹೇಳಿದ್ದಾರೆಯೇ?

ಆ ಕಾಗದ ಇನ್ನೂ ನಿಮ್ಮ ಮುಂದಿರಬೇಕು. ಬಾರದ ಸಂಖ್ಯೆಗಳನ್ನು ಫೋನ್ ನೋಡಿ ಬರೆದುಕೊಳ್ಳಿ. ಜೊತೆಗೆ ತುರ್ತು ಕರೆಯ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077, ದೂರದ ಆ ಮಾವನ ಸಂಖ್ಯೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ರೇಡಿಯೋ ಮತ್ತು ಸೆಲ್‌ಗಳ ಜೊತೆ, ಕತ್ತಲಲ್ಲೂ ಕೈಗೆ ಸಿಗುವ ಕಡೆ ಇಡಿ.