ಅಡ್ರಿನಲ್ ಗ್ರಂಥಿಯ ಸ್ಟೀರಾಯ್ಡ್ ಹಾರ್ಮೋನುಗಳು

ಅಡ್ರಿನಲ್ ಗ್ರಂಥಿಗಳು ಎರಡು ಮೂತ್ರಪಿಂಡಗಳ ಮೇಲ್ತುದಿಯಲ್ಲಿ ಟೋಪಿಯಂತೆ ಕುಳಿತಿರುವ ನಿರ್ನಾಳ ಗ್ರಂಥಿಗಳು. ಒಂದೊಂದರ ತೂಕ ಸುಮಾರು 4ರಿಂದ 5 ಗ್ರಾಂ. ಇವುಗಳ ಹೊರಪದರವು ಕೊಲೆಸ್ಟರಾಲಿನಿಂದ ಸ್ಟೀರಾಯ್ಡ್ ಹಾರ್ಮೋನುಗಳನ್ನು ತಯಾರಿಸಿ ನೇರವಾಗಿ ರಕ್ತಕ್ಕೆ ಸೇರಿಸುತ್ತದೆ. ಒಳತಿರುಳು ಸ್ರವಿಸುವ ಅಡ್ರಿನಲಿನ್ ಹೆಚ್ಚು ಪರಿಚಿತವಾದರೂ ಅದು ಸ್ಟೀರಾಯ್ಡ್ ಅಲ್ಲ; ಒಳತಿರುಳಿಲ್ಲದೆಯೂ ಮನುಷ್ಯ ಬದುಕಬಲ್ಲ. ಹೊರಪದರದ ಸ್ರವಿಕೆ ನಿಂತರೆ ಮಾತ್ರ ಚಿಕಿತ್ಸೆಯಿಲ್ಲದೆ ಜೀವ ಉಳಿಯದು.

ಕಾರ್ಯಗಳು

ಹೊರಪದರದಲ್ಲಿ ಮೂರು ವಲಯಗಳಿವೆ. ಹೊರವಲಯದ ಆಲ್ಡೋಸ್ಟಿರೋನ್ ಮೂತ್ರದಲ್ಲಿ ನಷ್ಟವಾಗಬಹುದಾದ ಸೋಡಿಯಂ ಅನ್ನು ಉಳಿಸಿ, ಪೊಟ್ಯಾಸಿಯಂ ಅನ್ನು ಹೊರಹಾಕಿ ರಕ್ತದೊತ್ತಡವನ್ನು ಕಾಪಾಡುತ್ತದೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ, ಕೋಲಾರ, ಮಾಲೂರು, ಮುಳಬಾಗಿಲುಗಳ ಟೊಮ್ಯಾಟೊ ಹೊಲಗಳಲ್ಲಿ ಬಿಸಿಲಿಗೆ ದುಡಿಯುವವರ ಬೆವರಿನಲ್ಲಿ ದಿನಗಳೆದಂತೆ ಉಪ್ಪಿನಂಶ ಕಡಿಮೆಯಾಗುವುದೂ ಇದರ ಪ್ರಭಾವದಿಂದಲೇ. ನಡುವಲಯದ ಕಾರ್ಟಿಸಾಲ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಉರಿಯೂತವನ್ನು ತಗ್ಗಿಸುತ್ತದೆ, ಕಾಯಿಲೆ ಮತ್ತು ಗಾಯಗಳನ್ನು ಎದುರಿಸಲು ದೇಹಕ್ಕೆ ನೆರವಾಗುತ್ತದೆ. ಇದರ ಪ್ರಮಾಣ ಬೆಳಗಿನ ಹೊತ್ತು ಅಧಿಕ, ನಡುರಾತ್ರಿಯ ಸುಮಾರಿಗೆ ಅತ್ಯಲ್ಪ. ಒಳವಲಯದಿಂದ ದುರ್ಬಲ ಪುರುಷ ಹಾರ್ಮೋನುಗಳು ಬರುತ್ತವೆ.

ಅಡಿಸನ್ ಕಾಯಿಲೆ

ಹೊರಪದರ ನಾಶವಾದಾಗ ಉಂಟಾಗುವ ಈ ಕಾಯಿಲೆಯನ್ನು 1855ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಅಡಿಸನ್ ವಿವರಿಸಿದನು. ಆಗ ಇದಕ್ಕೆ ಮುಖ್ಯ ಕಾರಣ ಕ್ಷಯ. ಭಾರತದಲ್ಲಿ ಇಂದಿಗೂ ಕ್ಷಯವನ್ನು ಕಡೆಗಣಿಸುವಂತಿಲ್ಲ. ನಿಶ್ಶಕ್ತಿ, ತೂಕ ಇಳಿಯುವುದು, ಎದ್ದು ನಿಂತಾಗ ತಲೆಸುತ್ತು, ಉಪ್ಪಿನ ಬಯಕೆ, ಚರ್ಮ ಕಪ್ಪಾಗುವುದು ಇದರ ಲಕ್ಷಣಗಳು. ಹೊಲದಲ್ಲಿ ದುಡಿಯುವವರ ಮೈ ಕಪ್ಪಾದರೆ ಬಿಸಿಲೇ ಕಾರಣವೆಂದು ಮನೆಯವರು ಸುಮ್ಮನಾಗುವುದು ಸಹಜ. ಆದರೆ ಬಿಸಿಲು ತಾಗದ ವಸಡು, ಬಾಯಿಯ ಒಳಭಾಗಗಳೂ ಅಂಗೈ ಗೆರೆಗಳೂ ಹೊಸದಾಗಿ ಕಪ್ಪಾಗಿದ್ದರೆ ವೈದ್ಯರಿಗೆ ತೋರಿಸುವುದು ಅಗತ್ಯ. ಕೊರತೆಯಾದ ಹಾರ್ಮೋನನ್ನು ಮಾತ್ರೆಯ ರೂಪದಲ್ಲಿ ಜೀವನಪರ್ಯಂತ ಸೇವಿಸುವುದೇ ಚಿಕಿತ್ಸೆ.

ಔಷಧವಾಗಿ

1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಸಂಧಿವಾತದ ರೋಗಿಗೆ ಕಾರ್ಟಿಸೋನ್ ನೀಡಿ ಅಚ್ಚರಿಯ ಫಲ ಕಂಡನು. 1950ರಲ್ಲಿ ಅವನಿಗೂ ಎಡ್ವರ್ಡ್ ಕೆಂಡಾಲ್ ಮತ್ತು ಟಾಡಿಯಸ್ ರೈಕ್‌ಸ್ಟೈನ್ ಅವರಿಗೂ ನೊಬೆಲ್ ಪ್ರಶಸ್ತಿ ದೊರೆಯಿತು. ಇಂದು ಉಬ್ಬಸ, ಕೀಲುರೋಗಗಳಿಗೆ ಕೊಡುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್‌ಗಳು ಇದೇ ವರ್ಗದ ಕೃತಕ ಔಷಧಗಳು. ಇವನ್ನು ಬಹುಕಾಲ ಸೇವಿಸಿದರೆ ಪಿಟ್ಯುಟರಿ ಗ್ರಂಥಿಯು ಅಡ್ರಿನಲ್‌ಗೆ ಕಳುಹಿಸುವ ಪ್ರಚೋದನೆ ಕುಗ್ಗಿ, ಹೊರಪದರ ಸೊರಗುತ್ತದೆ. ನೋವು ಹೋಯಿತೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ಆದುದರಿಂದ ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಗ್ರಂಥಿಗಳು ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಆ ಅವಧಿಯಲ್ಲಿ ತೀವ್ರ ಜ್ವರ ಅಥವಾ ಶಸ್ತ್ರಚಿಕಿತ್ಸೆ ಎದುರಾದರೆ, ಹಿಂದೆ ಸೇವಿಸಿದ ಮಾತ್ರೆಯ ವಿವರವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.